ಗೋಸುಂಬೆಗೊಂದು ಸರ್ಟಿಫಿಕೇಟು

ವಾಚಪ್ಪನ ಕಷ್ಟಕ್ಕೆಲ್ಲ ಕಾರಣವಾದದ್ದು ಒಂದು ಹಾಳೆ. ಅದರಲ್ಲಿದ್ದದ್ದು ಎಂಟೇ ಸಾಲು.

ವಾಚಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಮಾರುಕಟ್ಟೆ ಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು ಕೈಗಡಿಯಾರ ರಿಪೇರಿ ಮಾಡುತ್ತಿದ್ದವನಿಗೆ ಬೀದಿಯೇ ದಯಪಾಲಿಸಿದ ಹೆಸರು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದೊಳಗೆ ನೋಡುತ್ತ, ಎಡಗಣ್ಣಿನಿಂದ ಬೀದಿಯಲ್ಲಿ ಹೋಗಿಬರುವವರನ್ನು ಗಮನಿಸುತ್ತ ಕೂರುವುದು ಅವನ ಅಭ್ಯಾಸ. ಹಾಗಾಗಿ ಅವನು ಮನೆಗೊಂದು ಗೋಸುಂಬೆ ತಂದನೆಂಬ ಸುದ್ದಿ ಹಬ್ಬಿದಾಗ, "ಇಬ್ಬರ ಕಣ್ಣೂ ಒಂದೇ ಥರ. ಜೋಡಿ ಸರಿಯಾಗಿದೆ ಬಿಡಿ" ಎಂದು ಪಕ್ಕದ ಅಂಗಡಿಯ ಟೈಲರ್ ಹೇಳಿದ್ದು ಪೂರ್ತಿ ಕುಚೋದ್ಯವೇನೂ ಅಲ್ಲ.

ಗೋಸುಂಬೆ ಕೊಟ್ಟವರು ಕಾಲೇಜಿನ ಜೀವಶಾಸ್ತ್ರದ ಮೇಡಂ. ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಭಾನುವಾರ ಸಂಜೆ ಲಾರಿಗೆ ಸಾಮಾನು ಏರಿಸುತ್ತಿದ್ದಾಗಲೇ ವಾಚಪ್ಪನನ್ನು ಕರೆಸಿ, ಮೊದಲು ಒಂದು ಗಾಜಿನ ಗೂಡನ್ನು, ಆಮೇಲೆ ಬಟ್ಟೆ ಮುಚ್ಚಿದ ಒಂದು ಪುಟ್ಟ ಪೆಟ್ಟಿಗೆಯನ್ನು ಅವನ ಕೈಗಿಟ್ಟರು. "ಇದನ್ನ ನೋಡ್ಕೊಳ್ಳೋಕೆ ನಿಮ್ಮಂಥ ತಾಳ್ಮೆ ಇರೋರೇ ಬೇಕು. ದಿನಾ ಬೆಳಿಗ್ಗೆ ಮೈ ಪರೀಕ್ಷೆ ಮಾಡಿ. ಏನೇನು ನೋಡ್ಬೇಕು ಅಂತ ಈ ಹಾಳೇಲಿ ಬರ್ದಿದೀನಿ. ಇನ್ನೂ ಒಂದು ಮಾತು..." ಎನ್ನುವಷ್ಟರಲ್ಲಿ ಲಾರಿಯವನು ಹಾರನ್ ಹೊಡೆದ. ಮಾತು ಅಲ್ಲಿಗೇ ನಿಂತಿತು. ಬೀದಿಯಲ್ಲಿ ಅಷ್ಟು ಜನ ಓದಿದವರಿರುವಾಗ ಮೇಡಂ ತನ್ನನ್ನೇ ಆರಿಸಿದರಲ್ಲ ಎಂಬ ಹೆಮ್ಮೆಯಲ್ಲಿ ವಾಚಪ್ಪ ಆ ಉಳಿದ ಮಾತಿನ ಗೊಡವೆಗೇ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವನು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಭೂತಗನ್ನಡಿ ಏರಿಸಿ, ಹಾಳೆ ಬಿಡಿಸಿದ. ಕಣ್ಣು ಉಬ್ಬಿರಬೇಕು, ಒಳಗೆ ಕುಸಿದಿರಬಾರದು ಎಂದಿತ್ತು. ಗೋಸುಂಬೆಯ ಕಣ್ಣುಗಳು ಎರಡು ಪುಟ್ಟ ಗೋಪುರಗಳ ಹಾಗೆ ಎದ್ದು ನಿಂತಿದ್ದವು. ಎರಡೂ ಬೇರೆಬೇರೆ ದಿಕ್ಕಿಗೆ ತಿರುಗಬೇಕು ಎಂದಿತ್ತು. ಒಂದು ಕಿಟಕಿಯತ್ತ, ಇನ್ನೊಂದು ವಾಚಪ್ಪನ ಮೂಗಿನತ್ತ ತಿರುಗಿತು. ಪಕ್ಕೆಲುಬು ಎಣಿಸುವ ಹಾಗಿರಬಾರದು. ಎಣಿಸಲು ಹೋದ, ಆಗಲಿಲ್ಲ, ಹಿಗ್ಗಿದ. ಕಾಲು ನೆಟ್ಟಗಿದ್ದವು. ಬೆರಳು ಕೊಟ್ಟರೆ ಹಿಡಿತ ಇಕ್ಕಳದ ಹಾಗಿತ್ತು. ಬಾಯಿಯ ಅಂಚಿನಲ್ಲಿ ಬಾವಿಲ್ಲ, ನೊರೆಯಿಲ್ಲ. ಇನ್ನು ಬಾಲವನ್ನು ನೋಡಿದಾಗಲಂತೂ ಅವನ ಎದೆ ತುಂಬಿ ಬಂತು. ಅಷ್ಟು ಸಮನಾದ ಸುರುಳಿಯನ್ನು ಅವನು ಒಳ್ಳೆಯ ಕಂಪನಿಯ ಗಡಿಯಾರಗಳ ಸ್ಪ್ರಿಂಗಿನಲ್ಲೂ ಕಂಡಿರಲಿಲ್ಲ.

ಎಂಟನೆಯ ಸಾಲು ಮಾತ್ರ ಕೊಂಚ ಸತಾಯಿಸಿತು. ಹಿಕ್ಕೆಯ ಬಿಳಿಭಾಗ ಶುದ್ಧ ಬಿಳಿಯಾಗಿರಬೇಕು, ಹಳದಿಯಾಗಿರಬಾರದು. ಅದಕ್ಕಾಗಿ ಮುಕ್ಕಾಲು ಗಂಟೆ ಕಾದ.

"ರೀ, ಕಾಫಿ ಆರಿ ತಣ್ಣಗಾಯ್ತು. ಅಲ್ಲೇನು ಜಪ ಮಾಡ್ತಿದೀರಾ?" ಎಂದು ಹೆಂಡತಿ ಬಂದಳು.

"ಬಿಳಿ! ನೋಡೇ, ಅಚ್ಚ ಬಿಳಿ!" ಎಂದು ವಾಚಪ್ಪ ಕುಣಿದ. "ಎಂಟಕ್ಕೆ ಎಂಟು!"

ಹೆಂಡತಿ ಬಗ್ಗಿ ನೋಡಿದಳು. ಬೆಳಗಿನ ಹೊತ್ತು ಗಂಡ ತೋರಿಸುತ್ತಿರುವುದು ಏನೆಂದು ತಿಳಿದಾಗ ಅವಳ ಮುಖವೇ ಬಣ್ಣ ಬದಲಿಸಿತು. "ನೋಡಿ, ಒಂದೇ ಮಾತು ಹೇಳ್ತೀನಿ. ಪ್ರಾಣಿ ಗಟ್ಟಿಮುಟ್ಟಾಗಿದ್ರೆ ಇರಲಿ, ನಾನು ಬೇಡ ಅನ್ನಲ್ಲ. ಸೀಕು ಪ್ರಾಣಿ ಮಾತ್ರ ಈ ಮನೇಲಿ ಒಂದು ದಿನವೂ ಇರಕೂಡದು. ನಿಮ್ಮ ಸೀಕು ನೋಡ್ಕೊಳ್ಳೋದೇ ನಂಗೆ ಸಾಕಾಗಿದೆ."

"ಸೀಕಾ? ಇದಕ್ಕಾ? ಇದರ ಮೈಕಟ್ಟು ನೋಡು, ನಿನ್ನ ಅಣ್ಣನಿಗೂ ಇಲ್ಲ ಇಂಥದ್ದು!"

ಅಣ್ಣನ ಸುದ್ದಿ ಎತ್ತಬಾರದಿತ್ತು. "ಹಾಗಾದ್ರೆ ನಾಲ್ಕು ಜನರಿಗೆ ತೋರಿಸಿ. ಅವ್ರು ಹೌದು ಅಂದ್ರೆ ನಾನೂ ಹೌದು ಅಂತೀನಿ. ಸಂಜೆವರೆಗೆ ಟೈಮು" ಎಂದು ಅವಳು ಒಳಗೆ ಹೋದಳು.

ಹೆತ್ತವರಿಗೆ ಹೆಗ್ಗಣ ಮುದ್ದಾದರೆ ವಾಚಪ್ಪನಿಗೆ ಗೋಸುಂಬೆ ಮುದ್ದಾಗಬಾರದೇ? ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಮದುವಣಿಗನ ಅಪ್ಪನಂತೆ ಎದೆ ಸೆಟೆಸಿ ಅಂಗಡಿಗೆ ನಡೆದ. ದಾರಿಯಲ್ಲಿ ಕೇಳಿದವರಿಗೂ ತೋರಿಸಿದ, ಕೇಳದವರನ್ನು ನಿಲ್ಲಿಸಿಯೂ ತೋರಿಸಿದ.

ಮೊದಲು ಬಂದವನು ಟೈಲರ್. ಕೊರಳಲ್ಲಿ ಅಳತೆಪಟ್ಟಿ, ಬಾಯಲ್ಲಿ ಎರಡು ಗುಂಡುಸೂಜಿ. ವಾಚಪ್ಪ ಗೋಸುಂಬೆಯನ್ನು ಮೇಜಿನ ಮೇಲಿನ ಒಂದು ಕೋಲಿನ ಮೇಲೆ ಬಿಟ್ಟ. ಅದು ಒಂದು ಹೆಜ್ಜೆ ಮುಂದಿಟ್ಟಿತು, ಅರ್ಧ ಹಿಂದಕ್ಕೆ ತೂಗಿತು, ಮತ್ತೆ ಮುಂದೆ, ಮತ್ತೆ ಹಿಂದೆ. ಸಾಲ ಕೇಳಲು ಹೊರಟವನು ಬಾಗಿಲಲ್ಲಿ ಹಿಂಜರಿದ ಹಾಗೆ.

ಟೈಲರ್ ಗುಂಡುಸೂಜಿ ತೆಗೆದು ಜೇಬಿಗೆ ಸಿಕ್ಕಿಸಿದ. ವಿಷಯ ಗಂಭೀರ ಎಂದಾಗ ಮಾತ್ರ ಅವನು ಹಾಗೆ ಮಾಡುತ್ತಿದ್ದದ್ದು. "ವಾಚಪ್ಪೋರೇ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಇದಕ್ಕೆ ತಲೆ ಸುತ್ತುತ್ತಾ ಇದೆ."

"ಅದು ನಡೆಯೋದೇ ಹಾಗೆ ಕಣ್ರೀ! ಗಾಳಿಗೆ ಅಲ್ಲಾಡೋ ಎಲೆ ಥರ ನಡೀಬೇಕು ಅದು."

"ಎಲೆಗೆ ಗಾಳಿ ಇರುತ್ತೆ. ಇಲ್ಲಿ ಫ್ಯಾನೇ ಇಲ್ಲ. ಸೊಂಟದ ಹತ್ರ ಏನೋ ಸಡಿಲ ಇದೆ, ನೋಡಿದ ತಕ್ಷಣ ಗೊತ್ತಾಗುತ್ತೆ ನಂಗೆ. ಮೂವತ್ತು ವರ್ಷದಿಂದ ಸೊಂಟ ಅಳೀತಾ ಇದೀನಿ."

ವಾಚಪ್ಪ ಹಾಳೆ ತೋರಿಸಿದ. ಹಾಳೆಯಲ್ಲಿ ನಡಿಗೆಯ ವಿಚಾರ ಒಂದಕ್ಷರವೂ ಇರಲಿಲ್ಲ. "ನೋಡಿದ್ರಾ, ಮುಖ್ಯವಾದದ್ದನ್ನೇ ಬರ್ದಿಲ್ಲ" ಎಂದು ಟೈಲರ್ ಆ ಕಡೆ ಅಂಗಡಿಯ ಮಾತ್ರೆ ಮಾಮನನ್ನು ಕೂಗಿದ.

ಮಾತ್ರೆ ಮಾಮ ಔಷಧಿ ಅಂಗಡಿಯ ಯಜಮಾನರು. ಬೋಳುತಲೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಯಾರ ಯಾವ ನೋವಿಗೂ ಮೂರು ಮಾತ್ರೆ ಎಂಬುದು ಅವರ ಸಿದ್ಧಾಂತ. ಅವರು ಬಂದು, ಕನ್ನಡಕ ಸರಿಪಡಿಸಿಕೊಂಡು, ಗೋಸುಂಬೆಯ ಬೆನ್ನಿನ ಮೇಲೆ ಬೆರಳಿಟ್ಟು ತೋರಿಸಿದರು. ಅಲ್ಲಿ ತೆಳ್ಳಗಿನ ಬಿಳಿ ಪೊರೆಯೊಂದು ಅಂಚಿನಲ್ಲಿ ಎದ್ದಿತ್ತು.

"ಚರ್ಮ ಸುಲೀತಾ ಇದೆ!"

"ಪೊರೆ ಬಿಡ್ತಾ ಇದೆ ಮಾಮ. ಹಾವೂ ಬಿಡುತ್ತಲ್ಲ?"

"ಹಾವು ಬಿಡುತ್ತಪ್ಪ, ಇದು ಹಾವಾ? ಅದಕ್ಕೆ ಕಾಲೇ ಇಲ್ಲ. ಕಾಲಿರೋರಿಗೆ ಚರ್ಮ ಸುಲಿದ್ರೆ ಅದು ಗಜ್ಜಿ. ನಾನು ಮುಲಾಮು ತರ್ತೀನಿ, ಇರಿ."

ಮೊಸರಲ್ಲಿ ಕಲ್ಲು ಹುಡುಕುವವರಿಗೆ ಕಲ್ಲು ಸಿಗದಿದ್ದರೆ ಮೊಸರನ್ನೇ ಗಟ್ಟಿ ಎನ್ನುತ್ತಾರೆ. ಮುಲಾಮಿನ ಟ್ಯೂಬು ಬಂತು. ಟೈಲರ್ ಸೊಂಟ ಅಳೆಯಲು ಪಟ್ಟಿ ಇಳಿಸಿದ. ಎರಡು ಕಡೆಯಿಂದಲೂ ದಾಳಿಯಾದದ್ದನ್ನು ಕಂಡು ಗೋಸುಂಬೆಗೆ ಸಿಟ್ಟು ಬಂತು. ಹಸಿರು ಮೈ ಕಪ್ಪಿಟ್ಟಿತು. ಹೊಟ್ಟೆ ಪೂರಿಯ ಹಾಗೆ ಉಬ್ಬಿತು. ಬಾಯಿ ತೆರೆದು ಹುಸ್ಸೆಂದಿತು.

"ಹೋಯ್ತು!" ಎಂದ ಟೈಲರ್.

"ಕೊನೇ ಉಸಿರು" ಎಂದರು ಮಾತ್ರೆ ಮಾಮ, ಅನುಭವಸ್ಥರ ದನಿಯಲ್ಲಿ.

ಅದೇ ಹೊತ್ತಿಗೆ ಒಂದು ನೊಣ ಬಂದು ಮಾಮನ ಕನ್ನಡಕದ ಗಾಜಿನ ಮೇಲೆ ಕೂತಿತು. ಕೊನೆಯುಸಿರು ಎಳೆಯುತ್ತಿದ್ದ ಪ್ರಾಣಿ ಎರಡೂ ಕಣ್ಣನ್ನು ಒಂದೇ ಕಡೆ ತಿರುಗಿಸಿತು. ನಾಲಿಗೆ ಯಾವಾಗ ಹೊರಬಂತು, ಯಾವಾಗ ಒಳಹೋಯಿತು, ಯಾರಿಗೂ ಕಾಣಲಿಲ್ಲ. ಟಪ್ ಎಂಬ ಸದ್ದು ಮಾತ್ರ ಕೇಳಿತು. ನೊಣ ಮಾಯ. ಹೌಹಾರಿದ ಮಾಮ ಹಿಂದಕ್ಕೆ ಹಾರಿದರು; ಅವರ ಮೊಳಕೈ ಮೇಜಿಗೆ ತಗುಲಿತು; ಬಿಚ್ಚಿಟ್ಟಿದ್ದ ನಾಲ್ಕು ಗಡಿಯಾರಗಳ ತಿರುಪು, ಮುಳ್ಳು, ಹಲ್ಲುಚಕ್ರಗಳೆಲ್ಲ ಒಟ್ಟಿಗೆ ನೆಲಕ್ಕೆ ಚೆಲ್ಲಿದವು.

"ಕಂಡ್ರಾ ಗುರಿ!" ಎಂದು ವಾಚಪ್ಪ ಚಪ್ಪಾಳೆ ತಟ್ಟಿದ. ಒಂದು ವಾರದ ಕೆಲಸ ಕಾಲ ಕೆಳಗೆ ಬಿದ್ದಿದ್ದರೂ ಅವನ ಮುಖ ಹಬ್ಬದ ಹಾಗಿತ್ತು. "ಸೀಕು ಪ್ರಾಣಿ ಹೀಗೆ ಹೊಡೆಯುತ್ತಾ?"

"ಕಣ್ಣಿಗೇ ಹಾರಿತ್ತಲ್ರೀ!" ಎಂದು ಮಾಮ ತಲೆಯ ಬೆವರು ಒರೆಸಿಕೊಂಡರು. "ಮೈ ಕಪ್ಪಾಯ್ತು, ಬಾಯಿ ತೆರೀತು, ಮೇಲೆ ಬಿತ್ತು. ತಲೆಗೇ ಏರಿದೆ ರೋಗ. ನಿಮ್ಮ ಮನೆಯವರಿಗೆ ಒಂದು ಮಾತು ಹೇಳೋದು ನನ್ನ ಕರ್ತವ್ಯ."

ಕರ್ತವ್ಯವೆಂದರೆ ಮಾಮ ಯಾವತ್ತೂ ತಡಮಾಡಿದವರಲ್ಲ. ವಾಚಪ್ಪ ನೆಲದ ಮೇಲೆ ಮಂಡಿಯೂರಿ ತಿರುಪು ಆರಿಸುತ್ತಿದ್ದಾಗಲೇ ಮನೆಯಿಂದ ಫೋನು ಬಂತು.

"ಅದಕ್ಕೆ ಗಜ್ಜಿಯಂತೆ, ತಲೆಸುತ್ತಂತೆ, ಹುಚ್ಚಂತೆ?"

"ಒಂದೂ ಇಲ್ಲ ಕಣೇ! ಎಂಟಕ್ಕೆ ಎಂಟು..."

"ನಿಮ್ಮ ಎಂಟು ನಿಮ್ಮ ಹತ್ರ ಇರಲಿ. ಡಾಕ್ಟರ ಕೈಲಿ ಬರೆಸ್ಕೊಂಡು ಬಂದ್ರೆ ಮನೆಗೆ ತನ್ನಿ. ಇಲ್ಲಾಂದ್ರೆ ಇಬ್ಬರೂ ಅಂಗಡೀಲೇ ಇದ್ದುಬಿಡಿ."

ಸರಿ, ವಾಚಪ್ಪ ಬಾಗಿಲು ಎಳೆದು ಪ್ರಾಣಿಗಳ ಆಸ್ಪತ್ರೆಗೆ ಹೊರಟ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಪೆಟ್ಟಿಗೆಯೊಳಗೆ ಇಣುಕಿ ಎದ್ದು ಹೋದದ್ದರಿಂದ ಇಬ್ಬರ ಜಾಗ ಅವನೊಬ್ಬನಿಗೇ ಸಿಕ್ಕಿತು. ಆಸ್ಪತ್ರೆಯಲ್ಲಿ ಹೆಸರು, ತನ್ನದೂ ಹೆಂಡತಿಯದೂ ಫೋನ್ ನಂಬರು ಬರೆಸಿ, ಟೋಕನ್ ಹಿಡಿದು, ಕೆಮ್ಮುವ ನಾಯಿ ಮತ್ತು ಮಾತಾಡುವುದನ್ನು ನಿಲ್ಲಿಸಿದ ಗಿಳಿಯ ನಡುವೆ ಎರಡು ಗಂಟೆ ಕೂತ. ಹೊಟ್ಟೆ ಚುರುಗುಟ್ಟುತ್ತಿತ್ತು. ಗೋಸುಂಬೆಯ ಹೊಟ್ಟೆಯಲ್ಲಿ ನೊಣವಾದರೂ ಇತ್ತು.

ಡಾಕ್ಟರಮ್ಮ ಮಿತಭಾಷಿ. ಕಣ್ಣು ನೋಡಿದರು. ಬಾಯಿ ತೆರೆಸಿ ಟಾರ್ಚು ಬಿಟ್ಟರು. ಬೆನ್ನ ಮೇಲೆ ಬೆರಳಾಡಿಸಿದರು. ಕಾಲಿನ ಮೂಳೆ ಮುಟ್ಟಿದರು. ತಕ್ಕಡಿಯಲ್ಲಿಟ್ಟರು. ವಾಚಪ್ಪ ಮೇಡಂ ಕೊಟ್ಟ ಹಾಳೆ ಬಿಡಿಸಿ ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತಿದ್ದ.

"ಮೇಡಂ, ನಡಿಗೆ..."

"ಹಾಗೇ ನಡೀಬೇಕು."

"ಚರ್ಮ..."

"ಪೊರೆ ಬಿಡ್ತಾ ಇದೆ. ಬೆಳೀತಾ ಇದೆ ಅಂತ ಅರ್ಥ."

"ಟೇಪು ಹಿಡಿದಾಗ, ಮುಲಾಮು ತಂದಾಗ ಕಪ್ಪಾಗಿ, ಬಾಯಿ ತೆರೆದು..."

"ನಿಮ್ಮನ್ನ ಯಾರಾದ್ರೂ ಟೇಪು ಹಿಡಿದು ಅಳೆದು ಮುಲಾಮು ಹಚ್ಚೋಕೆ ಬಂದ್ರೆ ನೀವೇನು ಮಾಡ್ತೀರಾ?" ಡಾಕ್ಟರಮ್ಮನ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ಇಷ್ಟು ಲಕ್ಷಣವಾದ ಗೋಸುಂಬೆ ನೋಡಿ ಎಷ್ಟೋ ವರ್ಷ ಆಯ್ತು. ಮೂಳೆ, ಕಣ್ಣು, ಹಿಡಿತ, ಎಲ್ಲಾ ಅಚ್ಚುಕಟ್ಟು. ತುಂಬಾ ಚೆನ್ನಾಗಿ ಸಾಕಿದೀರ. ಎಷ್ಟು ವರ್ಷದಿಂದ ಇದೆ ನಿಮ್ಮ ಹತ್ರ?"

ನಿನ್ನೆ ಸಂಜೆಯಿಂದ ಎಂದು ಹೇಳಬೇಕಾಗಿತ್ತು. ಆದರೆ 'ತುಂಬಾ ಚೆನ್ನಾಗಿ ಸಾಕಿದೀರ' ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ವಾಚಪ್ಪನ ಬಾಯಿ ಅವನ ಅಧೀನದಲ್ಲಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಜನ ಅವನ ಗಡಿಯಾರವನ್ನು ಹೊಗಳಿದ್ದರು, ಅವನನ್ನು ಯಾರು ಹೊಗಳಿದ್ದರು?

"ಮೊಟ್ಟೆಯಿಂದ ಮೇಡಂ" ಎಂದುಬಿಟ್ಟ. "ಮೊಟ್ಟೆಯಿಂದ ನಾನೇ ಬೆಳೆಸಿದ್ದು. ಏನೋ, ನನ್ನ ಕೈಗುಣ."

ಡಾಕ್ಟರಮ್ಮ ಹುಬ್ಬೇರಿಸಿ, ಮೆಚ್ಚಿ, ಲೆಟರ್‌ಹೆಡ್ಡಿನ ಮೇಲೆ ಆರು ಸಾಲು ಬರೆದು, ಸಹಿ ಹಾಕಿ, ಮೊಹರು ಒತ್ತಿದರು.

ಐದು ಗಂಟೆಗೆ ವಾಚಪ್ಪ ಮಾರುಕಟ್ಟೆ ಬೀದಿಗೆ ಕಾಲಿಟ್ಟಾಗ ಗೆದ್ದ ಪೈಲ್ವಾನನೂ ಅವನ ಮುಂದೆ ಸಪ್ಪೆ. ಸರ್ಟಿಫಿಕೇಟನ್ನು ಬಿಡಿಸಿ ಹಿಡಿದ. ಆದರೆ ಡಾಕ್ಟರಮ್ಮನ ಕೈಬರಹ ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಓಡಿದ ಹಾಗಿತ್ತು. ಬೀದಿಯಲ್ಲಿ ಅಂಥದ್ದನ್ನು ಓದಬಲ್ಲವರು ಒಬ್ಬರೇ. ಹೀಗಾಗಿ ಮಾತ್ರೆ ಮಾಮ ತಮ್ಮ ಸೋಲನ್ನು ತಾವೇ ಗಟ್ಟಿಯಾಗಿ ಓದಬೇಕಾಯಿತು.

"ಕಣ್ಣುಗಳು... ಆರೋಗ್ಯಕರ. ಚರ್ಮ... ಸಹಜ. ನಡಿಗೆ..." ಎಂದು ಓದುತ್ತ ಟೈಲರ್‌ನತ್ತ ನೋಡಿದರು, "ನಡಿಗೆ ಉತ್ತಮ. ಇಂಥ ಆರೈಕೆ ಇತರರಿಗೆ ಮಾದರಿ."

"ಇನ್ನೊಂದು ಸಲ ಓದಿ ಮಾಮ" ಎಂದ ವಾಚಪ್ಪ. ಮಾಮ ಓದಿದರು. ಟೈಲರ್ ಎರಡೂ ಕೈ ಮುಗಿದ. "ಡಾಕ್ಟರೇ ಹೇಳಿದ ಮೇಲೆ ಇನ್ನೇನು! ನಮ್ಮ ಬೀದಿಗೇ ಹೆಮ್ಮೆ ಬಿಡಿ."

ಮನೆಯಲ್ಲಿ ಹೆಂಡತಿ ಮೊಹರನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿದಳು. ಮಾಮ ಓದಿದ್ದನ್ನು ಗಂಡ ಬಾಯಿಪಾಠ ಒಪ್ಪಿಸಿದ ಮೇಲೆ ಅವಳ ಮುಖ ಅರಳಿತು. "ಇತರರಿಗೆ ಮಾದರಿ ಅಂತ ನಿಮಗೆ ಬರ್ದಿದಾರಾ? ನಿಮಗೇ?" ಎಂದು ಕೇಳಿದಳು. ಗೂಡನ್ನು ತಾನೇ ಒರೆಸಿ ಕಿಟಕಿಯ ಪಕ್ಕ ಇಟ್ಟಳು. "ಅಕ್ಕಪಕ್ಕದವ್ರನ್ನೆಲ್ಲ ಕರ್ಕೊಂಡು ಬರ್ತೀನಿ, ಒಂದ್ಸಲ ಕಣ್ತುಂಬ ನೋಡ್ಕೊಂಡು ಹೋಗ್ಲಿ. ಬೆಳಿಗ್ಗೆ ಏನೇನು ಅಂದ್ರು!" ಎಂದು ಸೆರಗು ಸರಿಮಾಡಿಕೊಂಡು, ಫೋನು ಹಿಡಿದುಕೊಂಡು ಹೊರಟೇಹೋದಳು.

ಅವಳು ಬೀದಿ ತಿರುವು ದಾಟಿದ್ದಳೋ ಇಲ್ಲವೋ, ಬಾಗಿಲಲ್ಲಿ ಜೀವಶಾಸ್ತ್ರದ ಮೇಡಂ ನಿಂತಿದ್ದರು. ಕೈಯಲ್ಲಿ ಬಟ್ಟೆ ಮುಚ್ಚಿದ ಇನ್ನೊಂದು ಪೆಟ್ಟಿಗೆ. ಪ್ರಯಾಣದಿಂದ ಮುಖ ಬಾಡಿತ್ತು.

"ಬನ್ನಿ ಮೇಡಂ, ಬನ್ನಿ! ಸರಿಯಾದ ಹೊತ್ತಿಗೆ ಬಂದ್ರಿ!" ವಾಚಪ್ಪ ಅವರಿಗೆ ಕುರ್ಚಿ ಎಳೆದ.

"ನಂಗೊಂದು ಅನುಮಾನ ಬಂದು ಓಡಿಬಂದೆ" ಎಂದರು ಮೇಡಂ. "ನನ್ನ ಹತ್ರ ಇದ್ದದ್ದು ಎರಡು. ಒಂದೇ ಸಲ ಮೊಟ್ಟೆ ಒಡೆದು ಬಂದವು, ಬಣ್ಣ, ಗಾತ್ರ ಎಲ್ಲಾ ಒಂದೇ ಥರ. ಒಂದು ತುಂಬಾ ಗಟ್ಟಿ, ಇನ್ನೊಂದು ಪಾಪ, ಮೊದಲಿಂದ್ಲೂ ಸೊರಗು. ಹೊಸ ಊರಲ್ಲಿ ಬಟ್ಟೆ ಸರಿಸಿ ನೋಡಿದ್ರೆ ನನ್ನ ಹತ್ರ ಇರೋದು ಪೆಟ್ಟಿಗೆ ಮೂಲೇಲಿ ಮುದುರಿ ಮಂಕಾಗಿ ಕೂತಿದೆ. ಲಾರಿ ಪ್ರಯಾಣದ ದಣಿವೋ, ಇಲ್ಲಾ ಪೆಟ್ಟಿಗೆ ಅದಲುಬದಲಾಯ್ತೋ ಗೊತ್ತಾಗ್ತಾ ಇಲ್ಲ. ನಿಮ್ಮ ಹತ್ರ ಇರೋದು ಹೇಗಿದೆ, ಆರೋಗ್ಯವಾಗಿದೆಯಾ?"

ದಿನವಿಡೀ ಕೇಳಿಸಿಕೊಂಡ ಆ ಒಂದು ಪ್ರಶ್ನೆಗೆ ವಾಚಪ್ಪನ ಬಳಿ ಈಗ ಮೊಹರು ಒತ್ತಿದ ಉತ್ತರವಿತ್ತು. ಮೇಡಂ ಮಾತಿನ ಹಿಂದುಮುಂದು ಯೋಚಿಸುವಷ್ಟು ವ್ಯವಧಾನ ಅವನಿಗೆಲ್ಲಿ?

"ಆರೋಗ್ಯವಾ?" ಎಂದು ಸರ್ಟಿಫಿಕೇಟನ್ನು ಅವರ ಕೈಗಿಟ್ಟ. "ಇಂಥ ಗೋಸುಂಬೆ ಈ ಊರಲ್ಲೇ ಇಲ್ಲ ಮೇಡಂ! ಡಾಕ್ಟರೇ ಬರ್ದುಕೊಟ್ಟಿದಾರೆ, ಓದಿ!"

ಎಷ್ಟೋ ಉತ್ತರಪತ್ರಿಕೆ ತಿದ್ದಿದ್ದ ಮೇಡಂಗೆ ಆ ಕೈಬರಹ ಕಷ್ಟವಾಗಲಿಲ್ಲ; ಓದಿದರು. ಅವರ ಕಣ್ಣಲ್ಲಿ ನೀರೇ ಬಂತು.

"ಅಬ್ಬಾ, ಹಾಗಾದ್ರೆ ಇವನೇ ನನ್ನವನು! ನನಗೆ ಇಷ್ಟು ಖಚಿತವಾಗಿ ಹೇಳೋರು ಯಾರೂ ಇರ್ಲಿಲ್ಲ. ಎಷ್ಟು ದೊಡ್ಡ ಉಪಕಾರ ಮಾಡಿದ್ರಿ" ಎಂದು ಗೂಡಿನಿಂದ ಗೋಸುಂಬೆಯನ್ನು ಎತ್ತಿಕೊಂಡರು. ಅದೂ ಅವರ ಬೆರಳನ್ನು ಪರಿಚಯದವರ ಹಾಗೆ ಹಿಡಿದುಕೊಂಡಿತು. "ನಿಮಗೆ ಕೊಡಬೇಕು ಅಂದ್ಕೊಂಡಿದ್ದು ಆ ಸೊರಗನ್ನ. ನನ್ನ ಹೊಸ ಮನೇಲಿ ಬಿಸಿಲೇ ಬೀಳಲ್ಲ, ಅದಕ್ಕೆ ಬಿಸಿಲು ಬೇಕು. ಕೈಯಾರೆ ತಿನ್ನಿಸ್ಬೇಕು, ದಿನಾ ಮೈ ನೋಡ್ಬೇಕು. ನಿನ್ನೆ ಅದನ್ನೇ ಹೇಳೋಕೆ ಹೊರಟಿದ್ದೆ, ಲಾರಿಯವನು ಬಿಡ್ಲಿಲ್ಲ."

"ಮೇಡಂ... ಇದು... ಇಲ್ಲೇ ಹೊಂದ್ಕೊಂಡಿದೆ..." ವಾಚಪ್ಪ ಖಾಲಿ ಗೂಡಿನತ್ತ ಕೈ ತೋರಿಸಿದ.

"ನಿಮ್ಮ ಪ್ರೀತಿ ನಂಗೆ ಅರ್ಥ ಆಗುತ್ತೆ. ಆದ್ರೆ ಮೊಟ್ಟೆಯಿಂದ ನಾನೇ ಬೆಳೆಸಿದ್ದಲ್ವಾ?"

ತಾವು ತಂದಿದ್ದ ಪೆಟ್ಟಿಗೆಯ ಗೋಸುಂಬೆಯನ್ನು ಗೂಡಿಗೆ ಬಿಟ್ಟು, ಐದು ನಿಮಿಷದಲ್ಲಿ ಮೇಡಂ ಬಸ್ಸಿಗೆ ಹೊರಟರು. "ಇದು ಇವನದೇ ಅಲ್ವಾ, ಇವನ ಜೊತೆ ಇರಲಿ" ಎಂದು ಸರ್ಟಿಫಿಕೇಟನ್ನೂ ಜೋಪಾನವಾಗಿ ಮಡಿಚಿ ಕೈಚೀಲದಲ್ಲಿಟ್ಟುಕೊಂಡರು.

ವಾಚಪ್ಪ ಗೂಡಿನತ್ತ ತಿರುಗಿದ. ಹೊಸ ಗೋಸುಂಬೆ ಕೋಲಿಗೆ ಜೋತುಬಿದ್ದಂತೆ ಕೂತಿತ್ತು. ಕಣ್ಣು ಗುಳಿಬಿದ್ದಿದ್ದವು. ಪಕ್ಕೆಲುಬುಗಳನ್ನು ಭೂತಗನ್ನಡಿ ಇಲ್ಲದೆಯೇ ಎಣಿಸಬಹುದಿತ್ತು. ಕಾಲು ಬಿಲ್ಲಿನಂತೆ ಬಾಗಿದ್ದವು. ಬಾಲದ ಸುರುಳಿ ಬಿಚ್ಚಿ ನೇತಾಡುತ್ತಿತ್ತು. ಅದು ಒಂದು ಕಣ್ಣನ್ನು ನಿಧಾನವಾಗಿ ಅವನತ್ತ ತಿರುಗಿಸಿತು. ಇನ್ನೊಂದನ್ನು ತೆರೆಯುವ ಶ್ರಮ ತೆಗೆದುಕೊಳ್ಳಲಿಲ್ಲ.

ಹೊರಗೆ ಗಲಗಲ ಕೇಳಿತು. ಹೆಂಡತಿ ಬೀದಿಯನ್ನೇ ಕರೆತಂದಿದ್ದಳು. ಮುಂದೆ ಟೈಲರ್, ಹಿಂದೆ ಮಾತ್ರೆ ಮಾಮ, ಅವರ ಹಿಂದೆ ಹತ್ತೆಂಟು ಜನ.

"ಬನ್ನಿ, ಬನ್ನಿ! ದೂರ ನಿಂತು ನೋಡಿ, ಮುಟ್ಟಬೇಡಿ" ಎಂದಳು ಹೆಂಡತಿ.

ವಾಚಪ್ಪ ಗೂಡಿಗೆ ಅಡ್ಡ ನಿಂತ. ಯಾರೋ ಅವನನ್ನು ಪ್ರೀತಿಯಿಂದಲೇ ಪಕ್ಕಕ್ಕೆ ಸರಿಸಿದರು. ಟೈಲರ್ ಬಗ್ಗಿ ನೋಡಿದ. ವಾಚಪ್ಪ ಕಣ್ಣು ಮುಚ್ಚಿಕೊಂಡ.

"ಆಹಾ!" ಎಂದ ಟೈಲರ್. "ಸೊಂಟ ನೋಡಿ, ಒಂದು ಚೂರು ಬೊಜ್ಜಿಲ್ಲ. ಬೆಳಿಗ್ಗೆ ನಾನು ಸರಿಯಾಗಿ ನೋಡೇ ಇರ್ಲಿಲ್ಲ. ಕಾಲು ಹೇಗೆ ಬಾಗಿವೆ ನೋಡಿ, ಪೈಲ್ವಾನರ ನಿಲುವು!"

"ಆ ಕಣ್ಣು ನೋಡ್ರೀ" ಎಂದರು ಮಾತ್ರೆ ಮಾಮ. "ಬೆಳಿಗ್ಗೆ ಹ್ಯಾಗೆ ಗುಡ್ಡೆ ಗುಡ್ಡೆಯಾಗಿದ್ವು, ಈಗ ತಣ್ಣಗೆ ಒಳಗೆ ಹೋಗಿ ಕೂತಿವೆ. ಎಷ್ಟು ಶಾಂತ! ಮೈ ಕೂಡ ಕಪ್ಪಾಗ್ತಿಲ್ಲ. ಇದಪ್ಪಾ ಆರೋಗ್ಯ ಅಂದ್ರೆ."

ವಾಚಪ್ಪನಿಗೆ ತಡೆಯಲಾಗಲಿಲ್ಲ. "ಅದು ಸ್ವಲ್ಪ... ಸೊರಗಿದೆ ಅಂತ ನಂಗೆ..."

"ಸೊರಗಿದೆಯಾ?" ಮಾಮ ಅವನ ಮೇಲೆ ಎಗರಿಬಿದ್ದರು. "ಡಾಕ್ಟರು ಬರೆದುಕೊಟ್ಟಿದ್ದನ್ನ ನಾನೇ ಓದಿದೀನಿ, ಎರಡು ಸಲ! ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ? ಇದಕ್ಕೆ ಒಂದು ಮಾತ್ರೆಯೂ ಬೇಡ!"

ಮಾತ್ರೆ ಮಾಮನ ಬಾಯಿಂದ ಆ ಮಾತು ಬಂದದ್ದನ್ನು ಕೇಳಿ ಇಡೀ ಬೀದಿ ಒಪ್ಪಿತು. ನಿಜ ಹೇಳಿದರೆ ಸೀಕು ಪ್ರಾಣಿಗೆ ಮನೆಯಿಂದ ಗೇಟುಪಾಸು, ಹೇಳದಿದ್ದರೆ ಅದಕ್ಕೆ ಔಷಧವಿಲ್ಲ. ನಾಳೆ ಬೆಳಿಗ್ಗೆ ಯಾರಿಗೂ ಕಾಣದ ಹಾಗೆ ಬೇರೆ ಯಾರಾದರೂ ಡಾಕ್ಟರ ಹತ್ತಿರ ಒಯ್ಯುವುದೇ ದಾರಿ ಎಂದು ವಾಚಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾಗ ಹೆಂಡತಿಯ ಫೋನು ಮೊಳಗಿತು. ಅವಳು ಪಕ್ಕಕ್ಕೆ ಹೋಗಿ, "ಹೂಂ ಡಾಕ್ಟರೇ... ಅಯ್ಯೋ, ಅದಕ್ಕೇನು ಡಾಕ್ಟರೇ... ಖಂಡಿತ" ಎಂದು ಮಾತಾಡಿ ಬಂದಳು. ಮದುವೆಯಾದಂದಿನಿಂದ ವಾಚಪ್ಪ ಅವಳನ್ನು ಅಷ್ಟು ಹೆಮ್ಮೆಯಲ್ಲಿ ಕಂಡಿರಲಿಲ್ಲ.

"ಪ್ರಾಣಿಗಳ ಆಸ್ಪತ್ರೆಯಿಂದ! ನಿಮ್ಮ ನಂಬರ್ ಸಿಗ್ತಿಲ್ಲ ಅಂತ ನಂಗೆ ಮಾಡಿದ್ರು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಪ್ರಾಣಿ ಸಾಕೋರದ್ದು ಶಿಬಿರವಂತೆ, ನೂರು ಜನ ಬರ್ತಾರಂತೆ. ಗೋಸುಂಬೆಯ ಮೈ ಹೇಗಿರಬೇಕು ಅಂತ ನಮ್ಮದನ್ನೇ ವೇದಿಕೆ ಮೇಲಿಟ್ಟು ತೋರಿಸ್ತಾರಂತೆ. ಮೊಟ್ಟೆಯಿಂದ ಹ್ಯಾಗೆ ಬೆಳೆಸಿದ್ರಿ ಅಂತ ನೀವು ನಾಲ್ಕು ಮಾತಾಡ್ಬೇಕಂತೆ. ನಾನು ಒಪ್ಕೊಂಡೆ."

"ನಾವೆಲ್ಲ ಬರ್ತೀವಿ!" ಎಂದ ಟೈಲರ್.

"ಮುಂದಿನ ಸಾಲಲ್ಲೇ ಕೂರ್ತೀವಿ" ಎಂದರು ಮಾತ್ರೆ ಮಾಮ.

ವಾಚಪ್ಪನ ಮುಖದಲ್ಲಿ ಮೊದಲು ಕೆಂಪು ಬಂತು, ಆಮೇಲೆ ಬಿಳುಪು, ಕೊನೆಗೆ ಯಾವುದೋ ಹೆಸರಿಲ್ಲದ ಹಸಿರು. ಯಾರೂ ಗಮನಿಸಲಿಲ್ಲ. ಹೆಂಡತಿ ಆಗಲೇ ಬೀರುವಿನಿಂದ ಅವನ ಒಳ್ಳೆಯ ಷರಟು ತೆಗೆದು ಇಸ್ತ್ರಿ ಪೆಟ್ಟಿಗೆ ಕಾಯಿಸಲು ಇಟ್ಟಿದ್ದಳು.